ಹೆಸರಿನಷ್ಟು ಅಗಲ

ನಮ್ಮೂರಿನಲ್ಲಿ ಮದುವೆಯ ಮಾತಿಗೆ ಕೂತವರು ಹುಡುಗನ ಕೆಲಸ ಕೇಳುವ ಮೊದಲು ಹೆಸರು ಕೇಳುತ್ತಾರೆ. ಅದೂ ಪೂರ್ತಿ ಹೆಸರು. ನನ್ನನ್ನು ನೋಡಲು ಬಂದ ದಿನ ಅತ್ತೆ ‘ತ್ರಿಯಂಬಕ’ ಎಂದಷ್ಟೇ ಹೇಳಿದ್ದಕ್ಕೆ ನಮ್ಮಪ್ಪ ಕಾಫಿ ಲೋಟ ಕೆಳಗಿಟ್ಟು, “ಮುಂದೆ?” ಅಂದರು. ‘ಕಲ್ಲುಮಂಟಪದ ತ್ರಿಯಂಬಕಮೂರ್ತಿ’ ಎಂದು ಗೊತ್ತಾದ ಮೇಲೆ ಲೋಟ ಮತ್ತೆ ಕೈಗೆ ಬಂತು. ಅಷ್ಟು ಹೆಸರಿಗೆ ಒಂದು ನಡುಮನೆ, ಒಂದು ಮಲಗುವ ಕೋಣೆ, ಅಡುಗೆಮನೆಗೆ ಅಂಟಿಕೊಂಡಂತೆ ಇನ್ನೊಂದು ಪುಟ್ಟ ಕೋಣೆ ಬರುತ್ತದೆಂದು ಅವರು ಮನಸ್ಸಿನಲ್ಲೇ ಗೋಡೆ ಎಬ್ಬಿಸಿ ನೋಡಿದ್ದರು. ಬಂದದ್ದೂ ಅಷ್ಟೇ.

ಪುರಸಭೆಯ ಹಜಾರದಲ್ಲಿ ಒಂದು ಕಂಪ್ಯೂಟರ್ ಇದೆ. ಅದರ ಪರದೆಯಲ್ಲಿ ಒಂದು ವಿಂಡೋ, ವಿಂಡೋದಲ್ಲಿ ಓಣಿಗೊಂದು ಸಾಲು, ಸಾಲಿನಲ್ಲಿ ಮನೆಗೊಂದು ಬಟನ್, ಬಟನ್ನಿನ ಮೇಲೆ ಮನೆ ನಡೆಸುವವರ ಹೆಸರು. ಹೆಸರು ಉದ್ದವಾದಷ್ಟೂ ಬಟನ್ ಅಗಲ, ಬಟನ್ ಅಗಲವಾದಷ್ಟೂ ಮನೆ ಅಗಲ. ಇದನ್ನೆಲ್ಲ ಪೈಥಾನ್ ಎನ್ನುವ ಭಾಷೆಯಲ್ಲಿ ಬರೆದಿದ್ದಾರೆ. ಬರೆದವರು ಯಾರೋ, ನೋಡಿಕೊಳ್ಳುವವರು ಮಾತ್ರ ನನ್ನ ಗಂಡ. ಯಾರದಾದರೂ ಹೆಸರು ಬದಲಾದ ದಿನ ಓಣಿಯ ಗೋಡೆಗಳೆಲ್ಲ ಒಂದಿಷ್ಟು ಅತ್ತಿತ್ತ ಸರಿಯುತ್ತವೆ. ಸೊಸೆಯಂದಿರು ಕಪಾಟಿನ ಪಾತ್ರೆಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಒಗ್ಗರಣೆ ಹಾಕುತ್ತಾರೆ.

ಹೆಸರು ಉದ್ದ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಆದರೆ ಬಟನ್ನಿನ ಮೇಲಿರುವ ಹೆಸರಿನಿಂದಲೇ ಮನೆಯವರು ಕರೆಯಬೇಕು, ಅದು ಪುರಸಭೆಯ ಕಟ್ಟಳೆ. ಕರೆಯುತ್ತಾರೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಿಕೊಂಡು ಬರುವುದೂ ನನ್ನ ಗಂಡನ ಕೆಲಸವೇ. ಅವರು ಓಣಿಗೆ ಕಾಲಿಟ್ಟರೆಂದರೆ ಅದುವರೆಗೆ ‘ಏನೇ, ಲೋ, ಇವ್ರೇ’ ಎನ್ನುತ್ತಿದ್ದ ಮನೆಗಳೆಲ್ಲ ಸಹಸ್ರನಾಮಕ್ಕೆ ಕೂತ ಹಾಗೆ ಆಗುತ್ತಿದ್ದವು. ಮೂಲೆಮನೆಯ ಸೊಸೆ ಒಂದು ಸಲ ಹಾಲು ಉಕ್ಕುತ್ತಿದೆ ಎಂದು ಅತ್ತೆಯನ್ನು ಕೂಗಿ ಕರೆಯಲು ಹೊರಟು, ‘ಚಂದ್ರಮೌಳೀಶ್ವರಿಪ್ರಸನ್ನಮಹಾಲಕ್ಷ್ಮಮ್ಮನವರೇ’ ಎಂದು ಮುಗಿಸುವ ಹೊತ್ತಿಗೆ ಪಾತ್ರೆಯಲ್ಲಿ ಹಾಲಿರಲಿಲ್ಲ. ನನ್ನ ಗಂಡ ಹೊರಗೆ ನಿಂತು, ಸರಿಯಾಗಿದೆ ಎಂದು ತಲೆಯಾಡಿಸಿ ಮುಂದಕ್ಕೆ ಹೋದರು.

ಅವರು ಕೆಟ್ಟವರಲ್ಲ. ನಿಯಮ ಎಂದರೆ ಸ್ವಲ್ಪ ಬಿಗಿಯಾಗುತ್ತಾರೆ ಅಷ್ಟೇ. ತಮ್ಮ ಅಂಗಿಯ ತೋಳನ್ನು ಮಡಿಸುವುದಾದರೂ ಎರಡೂ ಕಡೆ ಸಮ ಇದೆಯೇ ಎಂದು ನನಗೆ ತೋರಿಸಿ ಆಚೆ ಹೋಗುವ ಮನುಷ್ಯ. “ನೋಡು ಕುಮುದಾ, ಬಟನ್ನಿನೊಳಗೆ ಎಷ್ಟು ಹೆಸರಿದೆಯೋ ಅಷ್ಟೇ ಜಾಗ. ಇದಕ್ಕಿಂತ ನ್ಯಾಯ ಎಲ್ಲಿದೆ?” ಎನ್ನುವುದು ಅವರ ಸಿದ್ಧಾಂತ. ನ್ಯಾಯ ಇತ್ತೋ ಇಲ್ಲವೋ, ನಮ್ಮ ಓಣಿಯ ಅರ್ಧ ಭಾಗ ಪುರಸಭೆಯ ಅಧ್ಯಕ್ಷರ ಮನೆಯಾಗಿತ್ತು. ಅವರ ಹೆಸರು ‘ಎಂಟುಬಾಗಿಲ ಪಟೇಲ್ ಕರಿಯಪ್ಪಗೌಡರ ಮೊಮ್ಮಗ ಪಟೇಲ್ ಸಣ್ಣಕರಿಯಪ್ಪಗೌಡರ ಮಗ ಮರಿಗೌಡ’. ನಡುಮನೆಯಲ್ಲಿ ಹಿತ್ತಾಳೆ ಸರಪಳಿಯ ಉಯ್ಯಾಲೆ. ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುವುದರೊಳಗೆ ಒಂದು ಎಲೆ ಮಡಿಚಿ ಬಾಯಿಗಿಟ್ಟುಕೊಳ್ಳಬಹುದಿತ್ತು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಇದ್ದದ್ದು ನೀಲಳ ಮನೆ. ಹೆಸರು ನೀಲ, ಅಷ್ಟೇ. ಹಿಂದೆ ಒಂದಿಲ್ಲ, ಮುಂದೆ ಒಂದಿಲ್ಲ. ಹಪ್ಪಳ ಸಂಡಿಗೆ ಮಾಡಿ ಮಾರುವವಳು. ಮನೆಯೊಳಗೆ ಒಂದು ಒಲೆ, ಒಂದು ಟ್ರಂಕು, ಅದರ ಪಕ್ಕ ಅವಳು. ಹಪ್ಪಳ ಲಟ್ಟಿಸುವಾಗ ಮೊಣಕೈ ಗೋಡೆಗೆ ತಾಗುತ್ತದೆಂದು ಮಣೆಯನ್ನು ಬೀದಿಗೇ ತಂದು ಹಾಕಿಕೊಳ್ಳುತ್ತಿದ್ದಳು. ಬೀದಿ ಅವಳ ಪಡಸಾಲೆಯೇ ಆಗಿದ್ದರಿಂದ ಹೋಗಿಬರುವವರನ್ನೆಲ್ಲ ಅತಿಥಿಗಳ ಹಾಗೆ ವಿಚಾರಿಸುತ್ತಿದ್ದಳು, ಬೇಡವೆಂದರೂ ಬಿಡುತ್ತಿರಲಿಲ್ಲ. ನನ್ನ ಗಂಡ ಅವಳ ಕಣ್ಣು ತಪ್ಪಿಸಿ ಆಫೀಸಿಗೆ ಹೋದದ್ದು ನನಗೆ ನೆನಪಿಲ್ಲ. “ಏನ್ ತ್ರಿಯಂಬಕಣ್ಣ, ಇವತ್ತು ಯಾರ ಮನೆ ಹಿಗ್ಗಿಸ್ತೀರಿ, ಯಾರ ಮನೆ ಕುಗ್ಗಿಸ್ತೀರಿ?” ಎಂದು ದಿನಾ ಒಂದು ಸಲ ಕೆಣಕದಿದ್ದರೆ ಅವಳ ಹಪ್ಪಳ ಒಣಗುತ್ತಿರಲಿಲ್ಲ.

ಆ ನೀಲ ಒಂದು ಮಧ್ಯಾಹ್ನ ಹಿಟ್ಟಿನ ಕೈಯಲ್ಲೇ ಆಫೀಸಿಗೆ ಬಂದಳು. ನಾನು ಊಟದ ಡಬ್ಬಿ ಕೊಡಲು ಹೋದವಳು ಅಲ್ಲೇ ಇದ್ದೆ.

“ಅಣ್ಣ, ನಂಗೊಂದು ಮಂಚ ಹಿಡಿಸೋವಷ್ಟು ಮನೆ ಬೇಕು,” ಅಂದಳು. ಕೆಣಕುವ ಧ್ವನಿಯಲ್ಲ.

ಅವಳಿಗೊಬ್ಬಳು ಅಕ್ಕ ಇದ್ದಾಳೆ, ಲೀಲಕ್ಕ. ಇವರಪ್ಪ ಹೆಸರಿನ ವಿಷಯದಲ್ಲಿ ಮಕ್ಕಳಿಬ್ಬರಿಗೂ ಭೇದ ಮಾಡಿರಲಿಲ್ಲ. ಲೀಲಕ್ಕನನ್ನು ಬೇರೆ ಊರಿಗೆ ಕೊಟ್ಟಿದ್ದರು. ಗಂಡ ತೀರಿಹೋಗಿ, ಆಮೇಲೆ ಲಕ್ವ ಹೊಡೆದು, ಈಗ ಗಂಡನ ಕಡೆಯವರ ಮನೆಯ ಜಗುಲಿಯಲ್ಲಿ ಮಂಚ ಹಿಡಿದು ಮಲಗಿದ್ದಳು. ಆ ಮನೆಯವರು ಮನೆ ಖಾಲಿ ಮಾಡಿ ಹೋಗುತ್ತಿದ್ದಾರಂತೆ. ಹಬ್ಬದೊಳಗೆ ಕರೆದುಕೊಂಡು ಹೋದರೆ ಸರಿ, ಇಲ್ಲವಾದರೆ ಯಾವುದೋ ಅನಾಥಾಶ್ರಮಕ್ಕೆ ಬಿಡುತ್ತೇವೆ ಎಂದು ಹೇಳಿಕಳಿಸಿದ್ದರು.

“ಅದಕ್ಯಾಕೆ ಇಷ್ಟು ಯೋಚನೆ? ಹೆಸರು ಉದ್ದ ಮಾಡ್ಕೊಂಡ್ರಾಯ್ತು,” ಅಂದರು ನನ್ನ ಗಂಡ, ಆಗಲೇ ಕೀಬೋರ್ಡಿನ ಮೇಲೆ ಬೆರಳಿಟ್ಟು. “ನೀಲಲೋಹಿತಾಂಬಿಕೆ ಅಂತ ಹಾಕ್ಲಾ? ಮಂಚ ಹಾಕಿ, ಪಕ್ಕದಲ್ಲಿ ನೀನು ಲಟ್ಟಿಸೋಕೂ ಜಾಗ ಆಗುತ್ತೆ.”

“ಹಾಗಂತ ಕರೆಯೋರು ಯಾರು? ನನ್ನ ನಾನೇ ಕರ್ಕೊಳ್ಲಾ?”

“ನಿಮ್ಮಕ್ಕ ಇರ್ತಾರಲ್ಲ.”

ನೀಲ ಕೈಗೆ ಮೆತ್ತಿದ್ದ ಒಣಗಿದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು. “ಅಕ್ಕಂಗೆ ಮಾತೆಲ್ಲ ಹೋಯ್ತು ಅಣ್ಣ. ಒಂದೇ ಒಂದು ಉಳ್ಕೊಂಡಿದೆ. ನೀಲ ಅಂತಾಳೆ. ನೀರು ಬೇಕಾದ್ರೂ ಅದೇ, ನೋವಾದ್ರೂ ಅದೇ. ಇನ್ನು ಅದನ್ನ ಎಳೆದು ಲೋಹಿತಾಂಬಿಕೆ ಮಾಡು ಅಂತ ಅವಳಿಗೆ ಹೇಳ್ಕೊಡ್ಲಾ? ನೀವು ಬಂದು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡು, ತಪ್ಪು ಅಂತ ಹೆಸರು ಹೊಡೆದು ಹಾಕಿದ್ರೆ ಗೋಡೆ ಬಂದು ಅವಳ ಮಂಚಕ್ಕೇ ಕೂತ್ಕೊಳುತ್ತೆ.”

ನನ್ನ ಗಂಡ ಕೀಬೋರ್ಡಿನಿಂದ ಕೈ ತೆಗೆದರು. ಅವಳು ಹೇಳಿದ್ದು ಸರಿ, ಅವರು ಹಾಗೆಯೇ ಮಾಡುವವರು. ಅದು ಅವರಿಗೂ ಗೊತ್ತಿತ್ತು.

“ಒಬ್ಬರಿಗೆ ಅಂತ ಕೈಯಿಂದ ಅಗಲ ಬರೆಯೋ ಹಾಗಿಲ್ಲ ನೀಲ,” ಎಂದರು ಕೊನೆಗೆ. “ಬರೆದ್ರೆ ನಾಳೆ ಊರೆಲ್ಲ ಇಲ್ಲಿ ಬಂದು ನಿಂತಿರುತ್ತೆ. ಬೇರೆ ಏನಾದ್ರೂ ನೋಡ್ತೀನಿ.”

ನೋಡಿದರು. ಮೊದಲು ಪ್ಯಾಡಿಂಗ್ ಎನ್ನುವುದನ್ನು ಹಾಕಿದರು. ಹೆಸರಿನ ಅಕ್ಕಪಕ್ಕ ಒಂದಿಷ್ಟು ಖಾಲಿ ಜಾಗ ಕೊಡುವುದಂತೆ ಅದು. ಬಟನ್ ಚೆನ್ನಾಗಿಯೇ ಉಬ್ಬಿತು. ನಾನೂ ನೀಲಳೂ ಓಡಿಹೋಗಿ ನೋಡಿದರೆ ಮನೆ ಹೊರಗಿನಿಂದ ಕೋಟೆಯ ಹಾಗೆ ಕಾಣುತ್ತಿತ್ತು, ಒಳಗೆ ಮಾತ್ರ ಅದೇ ಒಲೆ, ಅದೇ ಟ್ರಂಕು. ದಪ್ಪಗಾದದ್ದು ಗೋಡೆ. ನೀಲ ಗೋಡೆಗೆ ಕೈಯಿಂದ ಬಡಿದು ನೋಡಿ, “ಅತ್ತಿಗೆ, ಕಳ್ಳರ ಭಯ ಇಲ್ಲ ಬಿಡಿ ಇನ್ಮೇಲೆ,” ಅಂದಳು. ನಕ್ಕಳು. ನನಗೆ ನಗು ಬರಲಿಲ್ಲ, ಆಮೇಲೆ ಬಂತು.

ಅದನ್ನು ತೆಗೆದು ಇನ್ನೊಂದು ಮಾಡಿದರು. ಸಾಲಿನಲ್ಲಿ ಎಲ್ಲಿ ಜಾಗ ಮಿಕ್ಕರೂ ನೀಲಳ ಬಟನ್ ಹಿಗ್ಗಿ ಅದನ್ನು ತುಂಬಿಕೊಳ್ಳಲಿ ಎಂದು ಬರೆದರು. ಇದು ನಿಯಮಕ್ಕೆ ವಿರುದ್ಧವಲ್ಲವಂತೆ, ಯಾರಿಂದಲೂ ಕಿತ್ತುಕೊಳ್ಳುವುದಿಲ್ಲವಲ್ಲ. ಮಿಕ್ಕಿದ್ದಾದರೂ ಎಷ್ಟು, ಒಂದು ಗೇಣು. ಅದರಲ್ಲೇ ನೀಲ ಟ್ರಂಕನ್ನು ಅಡ್ಡಕ್ಕೆ ತಿರುಗಿಸಿಕೊಂಡು ಸಂತೋಷಪಟ್ಟಳು. ಮಾರನೆಯ ಬೆಳಿಗ್ಗೆ ಅಧ್ಯಕ್ಷರು ಯಾರೋ ನೆಂಟರನ್ನು ಆಫೀಸಿಗೆ ಕರೆತಂದು, ಊರು ತೋರಿಸುತ್ತೇನೆಂದು ವಿಂಡೋವನ್ನು ಪರದೆಯ ತುಂಬ ದೊಡ್ಡದು ಮಾಡಿಬಿಟ್ಟರು. ಹಿಗ್ಗಿದ ಅಷ್ಟೂ ಜಾಗ ನೀಲಳ ಮನೆಗೇ ಹೋಯಿತು. ನಾನು ಕೊಡ ಹಿಡಿದು ನಲ್ಲಿಗೆ ಹೊರಟರೆ ಬೀದಿಯಲ್ಲಿ ನಲ್ಲಿ ಇಲ್ಲ. ನೀಲಳ ಅಡುಗೆಮನೆಯಲ್ಲಿದೆ! ನೀರಿಗೆ ಬಂದ ಹೆಂಗಸರೆಲ್ಲ ಅವಳ ಒಲೆಯ ಸುತ್ತ ಕೊಡ ಇಟ್ಟುಕೊಂಡು ಸಾಲು ನಿಂತಿದ್ದರು, ಮೂಲೆಮನೆಯ ಸೊಸೆ ಆಗಲೇ ಜಗಳ ಶುರು ಮಾಡಿದ್ದಳು. ನೀಲ ಎಲ್ಲರಿಗೂ ಬಿಸಿಬಿಸಿ ಸಂಡಿಗೆ ಕರಿದು ಕೊಡುತ್ತಾ, “ಕೂತ್ಕೊಳ್ರಮ್ಮಾ, ಜಾಗಕ್ಕೇನು ಬರ” ಎನ್ನುತ್ತಿದ್ದಳು. ಅಷ್ಟರಲ್ಲಿ ಆಫೀಸಿನಲ್ಲಿ ನೆಂಟರು ಕಾಫಿಗೆ ಎದ್ದರೆಂದು ಕಾಣುತ್ತದೆ, ಅಧ್ಯಕ್ಷರು ವಿಂಡೋವನ್ನು ಮೊದಲಿನಂತೆ ಮಾಡಿದರು. ಕೊಡ, ಹೆಂಗಸರು, ಸಂಡಿಗೆಯ ಬಾಣಲೆ, ಎಲ್ಲವೂ ಒಂದರ ಮೇಲೊಂದು ಬೀದಿಗೆ ಬಂದು ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಕೊಡ ಮಾತ್ರ ಸೊಟ್ಟಗಾಯಿತು.

ಆ ದಿನ ನನ್ನ ಗಂಡ ಅದನ್ನೂ ಅಳಿಸಿ ಬಂದು, ಊಟಕ್ಕೆ ಕೂತರೂ ಅನ್ನ ಕಲಸಲಿಲ್ಲ. ಹಬ್ಬ ಹತ್ತಿರ ಬಂದಿತ್ತು.

“ಅಗಲ ಇಷ್ಟೇ ಅಂತ ಕಟ್ಟಿಬಿಟ್ರೆ?” ಎಂದೆ.

“ಪೊಲೀಸ್ ಠಾಣೆಗೆ ಹಾಗೆ ಕಟ್ಟಿದೆ. ಹಿಗ್ಗಲ್ಲ, ಕುಗ್ಗಲ್ಲ. ಮನುಷ್ಯರು ಇರೋ ಮನೆಗೆ ಹಾಗೆ ಮಾಡಬಾರದು.”

“ಸರಿ. ಹಿಗ್ಗೋದಾದ್ರೆ ಹಿಗ್ಗಲಿ, ಆದ್ರೆ ಇಷ್ಟಕ್ಕಿಂತ ಕಮ್ಮಿ ಆಗಬಾರದು ಅಂತ ಹೇಳೋಕಾಗಲ್ವಾ ಆ ಪೈಥಾನಿಗೆ?”

ಅವರು ತಟ್ಟೆ ನೋಡುತ್ತಾ ಕೂತರು. ನಾನು ಮಜ್ಜಿಗೆ ತಂದಿಟ್ಟೆ.

“ಆಗುತ್ತೆ,” ಎಂದರು. “ಕನಿಷ್ಠ ಅಗಲ ಅಂತ ಒಂದಿದೆ. ಆದ್ರೆ ಅದು ನೀಲ ಒಬ್ಬಳಿಗೆ ಬರೆಯೋಕಾಗಲ್ಲ. ಬರೆದ್ರೆ ಎಲ್ಲಾ ಬಟನ್ನಿಗೂ ಬರೀಬೇಕು. ಯಾರ ಹೆಸರು ಎಷ್ಟೇ ಗಿಡ್ಡ ಇರಲಿ, ಮನೆ ಒಂದು ಮಂಚ, ಒಂದು ಒಲೆ, ನಡುವೆ ಓಡಾಡೋ ಜಾಗಕ್ಕಿಂತ ಕಮ್ಮಿ ಆಗಬಾರದು ಅಂತ.”

“ಬರೀರಿ ಮತ್ತೆ! ಇಷ್ಟು ದಿನ ಏನ್ ಮಾಡ್ತಿದ್ರಿ?”

“ಸಾಲು ಎಲ್ಲಿಗೆ ಹೋಗ್ಬೇಕು? ಆ ಕಡೆ ಕೆರೆ, ಈ ಕಡೆ ಗುಡ್ಡ. ಗಿಡ್ಡ ಹೆಸರಿನೋರಿಗೆ ಜಾಗ ಬೇಕಂದ್ರೆ ಉದ್ದ ಹೆಸರಿನೋರಿಗೆ ಗರಿಷ್ಠ ಅಗಲ ಬರೀಬೇಕು. ಇದಕ್ಕಿಂತ ಜಾಸ್ತಿ ಇಲ್ಲ ಅಂತ.” ಅವರು ನನ್ನ ಮುಖ ನೋಡದೆ ಮಜ್ಜಿಗೆ ಲೋಟ ತಿರುಗಿಸಿದರು. “ನಮ್ಮ ಹೆಸರೂ ಉದ್ದವೇ. ನಿನ್ನ ಆ ಕೋಣೆ ಹೋಗುತ್ತೆ.”

ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಕೋಣೆ. ನನ್ನ ಮದುವೆಗೆ ಮೊದಲೇ ನಮ್ಮಪ್ಪ ಮನಸ್ಸಿನಲ್ಲಿ ಕಟ್ಟಿದ್ದ ಕೋಣೆ. ಅಲ್ಲಿ ನನ್ನದೊಂದು ಚಾಪೆ, ಒಂದು ರೇಡಿಯೋ, ಬಾಗಿಲು ಹಾಕಿಕೊಂಡರೆ ಯಾರೂ ಕರೆಯದ ಮಧ್ಯಾಹ್ನ. ಅದಕ್ಕಿಂತ ಹೆಚ್ಚಿನದನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ. ನಾನು ತಟ್ಟೆ ತೆಗೆದೆ. ಅವರು ಇನ್ನೂ ಮಜ್ಜಿಗೆ ಕುಡಿದಿರಲಿಲ್ಲ, ಲೋಟವನ್ನೂ ತೆಗೆದೆ.

ಸಿಟ್ಟು ಗಂಡನ ಮೇಲೋ, ನೀಲಳ ಮೇಲೋ, ಅಷ್ಟು ಜಾಣತನದ ಪ್ರಶ್ನೆ ಕೇಳಿದ ನನ್ನ ಮೇಲೋ ತಿಳಿಯದೆ, ಆ ದಿನ ಉಪ್ಪಿಟ್ಟಿಗೆ ಗೋಡಂಬಿ ಹಾಕಲಿಲ್ಲ, ಮಾರನೆಯ ದಿನ ಉಪ್ಪಿಟ್ಟನ್ನೇ ಮಾಡಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಜಗಳವಾಡಿ ಕೋಣೆ ಉಳಿಸಿಕೊಳ್ಳಬಹುದಿತ್ತು, ಆ ಅವಕಾಶವನ್ನೂ ಕೊಡಲಿಲ್ಲ.

ಸಂಜೆ ಕೊತ್ತಂಬರಿ ಸೊಪ್ಪು ತರಲು ಹೊರಟಾಗ ನೀಲಳ ಬಾಗಿಲು ತೆರೆದಿತ್ತು. ಅವಳು ಒಲೆಯನ್ನು ಬೀದಿಗೆ ತಂದಿಟ್ಟು, ಟ್ರಂಕನ್ನೂ ಹೊರಗೆ ಹಾಕಿ, ಖಾಲಿ ಮನೆಯೊಳಗೆ ಅಂಗಾತ ಮಲಗಿ ಕಾಲು ಚಾಚಿ ನೋಡುತ್ತಿದ್ದಳು. ಪಾದ ಹೊಸ್ತಿಲ ಆಚೆ ಇತ್ತು. ಮೂಲೆಯಿಂದ ಮೂಲೆಗೆ ಮಲಗಿ ನೋಡಿದಳು. ಆಗಲೂ ಹೊರಗೇ.

“ಏನೇ ಇದು?”

“ಅಕ್ಕ ನನಗಿಂತ ಗಿಡ್ಡ ಅತ್ತಿಗೆ,” ಎಂದಳು ಮಲಗಿದಲ್ಲಿಂದಲೇ. “ಒಲೆ ಬೀದಿಲೇ ಇರಲಿ. ಟ್ರಂಕು ನಿಮ್ಮನೇಲಿ ಇಟ್ಕೊಳ್ತೀರಾ? ನಾನು ಬಾಗಿಲಿಗೆ ಒರಗಿ ಕೂತ್ಕೊಂಡೇ ನಿದ್ದೆ ಮಾಡ್ಬಿಡ್ತೀನಿ. ಮಳೆ ಬಂದ್ರೆ ಮಾತ್ರ ಏನ್ ಮಾಡೋದು ಅಂತ.”

ನಾನು ಕೊತ್ತಂಬರಿ ಸೊಪ್ಪಿಗೆ ಹೋಗಲಿಲ್ಲ. ಮನೆಗೆ ಬಂದು ಚಾಪೆ ಸುತ್ತಿದೆ, ರೇಡಿಯೋ ತಂದು ನಡುಮನೆಯ ಗೂಡಿನಲ್ಲಿಟ್ಟೆ. ನನ್ನ ಗಂಡ ಪೇಪರಿನ ಅಂಚಿನಿಂದ ನೋಡುತ್ತಿದ್ದರು.

“ನೋಡ್ತಾ ಕೂರಬೇಡಿ,” ಅಂದೆ. “ನಾಳೆ ಬೆಳಿಗ್ಗೆನೇ ಬರೀರಿ. ನಾನು ಮನಸ್ಸು ಬದಲಾಯಿಸೋದ್ರೊಳಗೆ.”

ಬೆಳಿಗ್ಗೆ ನಾನೂ ಜೊತೆಗೆ ಹೋದೆ, ಮನಸ್ಸು ಹಿಂದೆ ಸರಿಯದಿರಲಿ ಎಂದು. ಅವರದೋ, ನನ್ನದೋ. ಬರೆದದ್ದು ಕೆಲವೇ ಸಾಲು. ಊರಿನ ಪ್ರತಿಯೊಂದು ಬಟನ್ನಿಗೂ ಹೋಗಿ, ಇದಕ್ಕಿಂತ ಕಮ್ಮಿ ಆಗಬೇಡ, ಇದಕ್ಕಿಂತ ಜಾಸ್ತಿ ಆಗಬೇಡ ಎಂದು ಹೇಳಿಬರುವ ಸಾಲುಗಳಂತೆ. ಅಧ್ಯಕ್ಷರನ್ನು ಕೇಳಿರಲಿಲ್ಲ. ಕೇಳಿದ್ದರೆ ಒಪ್ಪುತ್ತಿರಲಿಲ್ಲ, ಅದಕ್ಕೇ ಕೇಳಿರಲಿಲ್ಲ. ಕಟ್ಟಳೆಯ ಮನುಷ್ಯ ಮೊದಲ ಸಲ ಕಟ್ಟಳೆಯನ್ನು ತಾನೇ ಮಾಡುತ್ತಿದ್ದ. ನಾನು ಅವರ ಕುರ್ಚಿಯ ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟೆ. ಅವರು ಎಂಟರ್ ಒತ್ತಿದರು.

ಪರದೆಯ ಮೇಲೆ ಬಟನ್ನುಗಳು ಬಸ್ಸಿನ ಸೀಟಿನಲ್ಲಿ ಜನ ಸರಿದು ಕೂರುವ ಹಾಗೆ ಸರಿದವು. ಉದ್ದ ಹೆಸರುಗಳ ಬಾಲ ಕತ್ತರಿಸಿ, ಕೊನೆಗೆ ಮೂರು ಚುಕ್ಕೆ ಬಂದು ನಿಂತವು. ನಾವು ‘ಕಲ್ಲುಮಂಟಪದ ತ್ರಿಯಂ…’ ಆದೆವು. ಊರಿನಿಂದ ಪಾತ್ರೆ ಬೀಳುವ ಸದ್ದು ಅಲೆಯಲೆಯಾಗಿ ಕೇಳಿಸಿತು.

ಮಧ್ಯಾಹ್ನ ಲೀಲಕ್ಕ ಬಂದಳು. ತರಕಾರಿ ಟೆಂಪೋದಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಬಂದಿದ್ದರು. ನೀಲಳ ಮನೆಯಲ್ಲಿ ಮಂಚ ಹಾಕಿ, ಒಲೆ ಇಟ್ಟು, ನಡುವೆ ನಾವಿಬ್ಬರು ಹೆಂಗಸರು ಮೈ ತಾಗಿಸದೆ ಓಡಾಡುವಷ್ಟು ಜಾಗವಿತ್ತು. ನೀಲ ನೆಲ ಸಾರಿಸಿ, ಗೋಡೆಗೆ ಒಂದು ಮೊಳೆ ಹೊಡೆದು, ಅದಕ್ಕೆ ಏನು ತಗಲಿಸುವುದೆಂದು ತಿಳಿಯದೆ ತನ್ನ ಸೆರಗಿನ ಪಿನ್ನನ್ನೇ ತಗಲಿಸಿ ನೋಡಿದ್ದಳು. ಲೀಲಕ್ಕ ನೀಲಳಿಗಿಂತ ಗಿಡ್ಡ ನಿಜ, ಅವಳಿಗಿಂತ ಬೆಳ್ಳಗೆ, ಬಾಯಿ ಒಂದು ಕಡೆಗೆ ಸ್ವಲ್ಪ ಜಾರಿತ್ತು. ದಿಂಬಿಗೆ ಒರಗಿಸಿ ಕೂರಿಸಿದಾಗ ತಂಗಿಯ ಮುಖ ನೋಡಿ, “ನೀಲ” ಎಂದಳು. ನೀಲ “ಹ್ಞೂಂ ಅಕ್ಕ, ಬಂದೆ” ಎಂದು ಎದುರಿಗೇ ಇದ್ದವಳು ಇನ್ನೂ ಹತ್ತಿರ ಹೋದಳು.

ಆಮೇಲೆ ಅಕ್ಕ ನನ್ನ ಕಡೆ ತಿರುಗಿ, ಮುಖ ಅರಳಿಸಿ, “ನೀಲ” ಎಂದಳು. ಮಂಚದ ಕಾಲಿಗೆ ಇಟ್ಟಿಗೆ ಚೂರು ಕೊಡುತ್ತಾ ಮಟ್ಟ ನೋಡುತ್ತಿದ್ದ ನನ್ನ ಗಂಡನಿಗೂ “ನೀಲ” ಎಂದಳು. ಟೆಂಪೋದವನಿಗೆ ಹೇಳಿ ಕಳಿಸಿಕೊಟ್ಟದ್ದೂ ಅದನ್ನೇ. ನೀಲ ಅಕ್ಕನ ಮುಖ ನೋಡಿದಳು. ಕೂಗೆಲ್ಲ ತನಗೇ ಎಂದುಕೊಂಡಿದ್ದಳು ಪಾಪ. ಆಮೇಲೆ ಹಣೆ ಚಚ್ಚಿಕೊಂಡು ನಕ್ಕಳು. “ನೋಡಿ ಅತ್ತಿಗೆ, ನನ್ನ ಹೆಸರನ್ನ ಊರಿಗೇ ಹಂಚ್ತಾ ಇದ್ದಾಳೆ.”

ಅದೇ ಹೊತ್ತಿಗೆ ಅಧ್ಯಕ್ಷರು ಬಂದರು. ಬಾಗಿಲಲ್ಲಿ ನಿಂತು ಕೂಗಿದ್ದಕ್ಕೆ ಹಪ್ಪಳದ ಡಬ್ಬಿಯ ಮುಚ್ಚಳ ಅದುರಿತು.

“ಎಲ್ರೀ ತ್ರಿಯಂಬಕಮೂರ್ತಿಗಳು? ಏನ್ರೀ ಮಾಡಿದ್ದೀರಿ ನೀವು? ಉಯ್ಯಾಲೆ ಹೋಗಿ ಗೋಡೆಗೆ ಬಡೀತಾ ಇದೆ! ಅದು ಹಾಳಾಗಿ ಹೋಗ್ಲಿ. ಆಫೀಸಿಗೆ ಹೋಗಿ ನೋಡ್ತೀನಿ, ನನ್ನ ಬಟನ್ನಲ್ಲಿ ನಮ್ಮಜ್ಜನ ಎಂಟು ಬಾಗಿಲಿದೆ, ಪಟೇಲಿಕೆಯೂ ಅರ್ಧ ಇದೆ, ನಾನೇ ಇಲ್ಲ! ಮೂರು ಚುಕ್ಕೆ! ಇಷ್ಟು ವರ್ಷ ಊರಿಗೆ ದುಡಿದು ನಾನು ಮೂರು ಚುಕ್ಕೆಯೇನ್ರೀ?”

ನನ್ನ ಗಂಡ ಇಟ್ಟಿಗೆ ಚೂರು ಕೈಯಲ್ಲೇ ಹಿಡಿದು ಎದ್ದು ನಿಂತರು. ಕಿವಿ ಕೆಂಪಾಗಿತ್ತು. “ಸ್ವಾಮಿ, ಕೇಳದೆ ಮಾಡಿದ್ದು ತಪ್ಪು. ಆದ್ರೆ ಮಾಡಿದ್ದು ತಪ್ಪಲ್ಲ,” ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ನಾನು ಕೇಳಿದ ಅತ್ಯಂತ ಧೈರ್ಯದ ಮಾತು ಅದು. ಹೇಳಿದ ಮೇಲೆ ಅವರಿಗೇ ಗಾಬರಿಯಾಗಿ ನನ್ನ ಕಡೆ ನೋಡಿದರು.

“ಈಗಲೇ ಬನ್ನಿ. ಮೊದಲು ಹೇಗಿತ್ತೋ ಹಾಗೆ ಮಾಡಿ,” ಎಂದು ಅಧ್ಯಕ್ಷರು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರು. ಆಗಲೇ ಅವರಿಗೆ ಮಂಚ ಕಂಡದ್ದು.

ಲೀಲಕ್ಕ ಅವರನ್ನೇ ನೋಡುತ್ತಿದ್ದಳು. ಆ ರೇಷ್ಮೆ ಅಂಚಿನ ಶಲ್ಯ, ಆ ಮೀಸೆ. ಬಾಯಿಯ ಚೆನ್ನಾಗಿದ್ದ ಕಡೆಯಿಂದ ಮೆಲ್ಲಗೆ ನಕ್ಕು, ಬಹಳ ದಿನದ ಗುರುತಿನವರನ್ನು ಕರೆಯುವ ಹಾಗೆ, “ನೀಲ,” ಎಂದಳು.

ಅಧ್ಯಕ್ಷರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

“ನೀಲ,” ಎಂದಳು ಲೀಲಕ್ಕ ಮತ್ತೆ, ಈಗ ಸ್ವಲ್ಪ ಅವಸರದಲ್ಲಿ. ಸರಿಯಾಗಿದ್ದ ಕೈಯನ್ನು ಗಾಳಿಯಲ್ಲಿ ಒಂದಿಷ್ಟು ಎತ್ತಿದಳು. ನೀಲ ಒಲೆಯ ಹತ್ತಿರದಿಂದ ಏಳಲು ಹೋದಳು. ಅವಳಿಗಿಂತ ಮೊದಲು, ಏಕೆಂದು ನನಗೆ ಇಂದಿಗೂ ತಿಳಿಯದು, ಅಧ್ಯಕ್ಷರು ಬಗ್ಗಿ, “ಏನಮ್ಮಾ?” ಎಂದರು. ಅವರ ಮನೆಯಲ್ಲಿ ಅವರನ್ನು ಕರೆಯಲು ಶುರು ಮಾಡಿದವರು ಹೆಸರು ಮುಗಿಸುವುದರೊಳಗೆ ಅವರು ಬೇರೆ ಕೋಣೆಗೆ ಹೋಗಿಬಿಟ್ಟಿರುತ್ತಿದ್ದರು ಎಂದು ಅವರ ಹೆಂಡತಿ ನಲ್ಲಿಯ ಹತ್ತಿರ ಹೇಳಿದ್ದುಂಟು. ಲೀಲಕ್ಕ ಕಣ್ಣಿನಿಂದ ನೀರಿನ ಲೋಟ ತೋರಿಸಿದಳು. ಅವರು ಶಲ್ಯವನ್ನು ಹೆಗಲಿಗೆ ಎಸೆದು, ಲೋಟವನ್ನು ಅವಳ ಬಾಯಿಗೆ ಹಿಡಿದು, ಚೆಲ್ಲದ ಹಾಗೆ ಗಲ್ಲದ ಕೆಳಗೆ ಇನ್ನೊಂದು ಕೈ ಕೊಟ್ಟು ಕುಡಿಸಿದರು. ಸ್ವಲ್ಪ ಚೆಲ್ಲಿತು. ಶಲ್ಯದಲ್ಲೇ ಒರೆಸಿದರು.

ಆಮೇಲೆ ಮಂಚದ ಅಂಚಿನಲ್ಲಿ ಕೂತು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಿನ್ನೆಯವರೆಗೆ ಅಲ್ಲಿ ಅವರ ಉಯ್ಯಾಲೆಯ ಒಂದು ತುದಿ ಬಂದು ಹೋಗುತ್ತಿತ್ತು.

“ತ್ರಿಯಂಬಕಮೂರ್ತಿಗಳೇ.”

“ಸ್ವಾಮಿ.”

“ಚುಕ್ಕೆ ಇಲ್ಲದ ಹಾಗೆ ಮಾಡೋಕೆ ಏನು ದಾರಿ?”

“ಹೆಸರು ಗಿಡ್ಡ ಮಾಡ್ಕೊಂಡ್ರೆ ಪೂರ್ತಿ ಕಾಣುತ್ತೆ ಸ್ವಾಮಿ. ಮನೆ ಕನಿಷ್ಠಕ್ಕಿಂತ ಕೆಳಗೆ ಹೋಗಲ್ಲ.”

“ಹಂಗಾದ್ರೆ ಅಜ್ಜನ್ನ ತೆಗೀರಿ,” ಎಂದರು ಅಧ್ಯಕ್ಷರು. ಒಂದು ಕ್ಷಣ ಯೋಚಿಸಿದರು. “ಅಪ್ಪ ಇರ್ಲಿ.” ಮತ್ತೆ ಯೋಚಿಸಿದರು. ಲೀಲಕ್ಕ ಆಗಲೇ ಅವರ ಶಲ್ಯದ ತುದಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು, ಎದ್ದರೆ ಅವಳಿಗೆ ಎಚ್ಚರವಾಗುತ್ತಿತ್ತು. “ಬೇಡ, ಅಪ್ಪನ್ನೂ ತೆಗೀರಿ. ಮರಿಗೌಡ ಅಂತ ಹಾಕಿ, ಸಾಕು,” ಎಂದು ದನಿ ತಗ್ಗಿಸಿ ಹೇಳಿ, ನೀಲಳ ಕಡೆ ತಿರುಗಿ, “ಎರಡು ಹಪ್ಪಳ ಸುಡಮ್ಮ. ಹೊತ್ತಾಗೋ ಹಂಗಿದೆ,” ಎಂದರು.